ಬನ್ನಿಗಿಡಕ್ಕೆ ಕಟ್ಟಿದ ದಸ್ತಿ

ಅದು ಕಂಡಿತು, ಇದು ಕಂಡಿತು ಎನ್ನುವವರ ಮುಂದೆ ಮೊದಲು ನಗುತ್ತಿದ್ದವಳು ನಾನೇ. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹುಣಸೆ ಮರದಲ್ಲಿ ಯಾರೋ ಕೂತಿದ್ದರು ಎಂದು ಮಕ್ಕಳು ಹೇಳಿದರೆ, ‘ರಾತ್ರಿ ಏನ ಉಂಡಿದ್ದಿ?’ ಎಂದು ಕೇಳಿ ಕೂಡಿಸುತ್ತಿದ್ದೆ. ಈಗ ಹಾಗೆ ಕೇಳುವುದಿಲ್ಲ. ದೆವ್ವ ಭೂತಗಳನ್ನು ನಂಬಲು ಶುರುಮಾಡಿದ್ದೇನೆ ಅಂತಲ್ಲ, ನಗುವ ಧೈರ್ಯ ಹೋಗಿದೆ ಅಷ್ಟೇ. ನೀವು ಬೇಕಾದರೆ ನಗಿರಿ, ಆದರೆ ಪೂರ್ತಿ ಓದಿ ನಗಿರಿ.

ನಮ್ಮ ಅಣ್ಣಿಗೇರಿಯಲ್ಲಿ ಹೆಂಗಸರು ಓಡುವುದನ್ನು ಜನ ಮೊದಮೊದಲು ನಿಂತು ನೋಡುತ್ತಿದ್ದರು. ‘ಬಸ್ಸು ತಪ್ಪೈತೇನ್ರಿ ಅಕ್ಕಾರ?’ ಎಂದು ಕೇಳಿದವರೂ ಇದ್ದಾರೆ. ಒಬ್ಬಳಿಗೆ ಸಕ್ಕರೆ ಕಾಯಿಲೆ, ಒಬ್ಬಳಿಗೆ ಮೈಭಾರ, ಇನ್ನೊಬ್ಬಳಿಗೆ ಮನೆಯ ಬೇಜಾರು, ಹೀಗೆ ಏನೇನೋ ನೆಪದಿಂದ ಐದಾರು ಮಂದಿ ಕೂಡಿ ಒಂದು ಓಟದ ಬಳಗವಾಯಿತು. ರವಿವಾರ ನಸುಕಿನಲ್ಲಿ ಶಾಲೆಯ ಮುಂದೆ ಸೇರಿ, ರೈಲ್ವೆ ಗೇಟು ದಾಟಿ, ಹೊಲದ ದಾರಿ ಹಿಡಿದು ಒಂದು ಹಳೆಯ ಬನ್ನಿಗಿಡದ ತನಕ ಓಡುತ್ತೇವೆ. ಅಲ್ಲಿಗೆ ಮೊದಲು ಮುಟ್ಟಿದವಳು ತನ್ನ ದಸ್ತಿಯನ್ನು, ಅಂದರೆ ಕರವಸ್ತ್ರವನ್ನು, ಕೆಳಗಿನ ಕೊಂಬೆಗೆ ಕಟ್ಟಿ ತಿರುಗಬೇಕು. ಕೊನೆಗೆ ಬಂದವಳು ಅದನ್ನು ಬಿಚ್ಚಿ ತಂದು, ಎಲ್ಲರೆದುರು ಅದರ ಒಡತಿಯ ಕೈಗೆ ಕೊಡಬೇಕು. ಇದು ನಮ್ಮ ಪದ್ಧತಿ. ಇನ್ನೊಂದು ಕಟ್ಟುನಿಟ್ಟು ಏನೆಂದರೆ, ಯಾರ ಹೊಲದ ಪೀಕಿನಲ್ಲೂ ಕಾಲಿಡಬಾರದು. ದಾರಿ ಬಳಸಾದರೂ ದಾರಿಯಲ್ಲೇ ಓಡಬೇಕು.

ಕೊನೆಗೆ ಬರುವವಳು ಯಾವಾಗಲೂ ಖಾನಾವಳಿಯ ಗಂಗಕ್ಕ. ಏದುಸಿರು ಬಿಡುತ್ತ ಬಂದು, ‘ತಗೋರಿ ಅಕ್ಕಾರ, ನಿಮ್ಮ ಪತಾಕಿ’ ಎಂದು ದಸ್ತಿಯನ್ನು ನನ್ನ ಕೈಗಿಡುತ್ತಿದ್ದಳು. ಮೇಲೆ ಬೇಡವೆಂಬಂತೆ ಮುಖ ಮಾಡುತ್ತಿದ್ದೆ. ಒಳಗೆ ವಾರಪೂರ್ತಿ ಅದಕ್ಕೇ ಕಾಯುತ್ತಿದ್ದೆ.

ಆಮೇಲೆ ಶಮ್‌ಶಾದ್ ಬಂದಳು. ಪೇಟೆಯಲ್ಲಿ ಬಟ್ಟೆ ಹೊಲಿಯುವವಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಮೊದಲ ದಿನ ಚಪ್ಪಲಿಯಲ್ಲೇ ಓಡಿ ನನ್ನ ಬೆನ್ನಿಗೇ ಬಂದಳು. ಬೂಟು ತಂದುಕೊಂಡ ಮೇಲೆ ಕೇಳಬೇಡಿ. ಹಳದಿ ಓಢಣಿಯನ್ನು ಎದೆಯ ಮೇಲೆ ಅಡ್ಡ ಹಾಯಿಸಿ ಸೊಂಟಕ್ಕೆ ಬಿಗಿದು ಹೊರಟಳೆಂದರೆ, ಉಳಿದವರಿಗೆ ಕಾಣುವುದು ಆ ಹಳದಿಯೇ. ಎಲ್ಲರಿಗೂ ಒಂದೇ ಬಿಳಿ ಬಟ್ಟೆಯಲ್ಲಿ ದಸ್ತಿ ಹೊಲಿದುಕೊಟ್ಟವಳೂ ಅವಳೇ. ನನ್ನದಕ್ಕೆ ಕೆಂಪು ಅಂಚು, ಅವಳದಕ್ಕೆ ಹಸಿರು. ಗಂಗಕ್ಕನ ಕೈಯಲ್ಲಿ ವಾರವಾರವೂ ಹಸಿರು ಅಂಚೇ ಬರತೊಡಗಿತು.

ನನಗೆ ಹೊಟ್ಟೆಕಿಚ್ಚಾಯಿತು. ಬೇರೆ ಹೆಸರು ಯಾಕೆ ಇಡಲಿ? ಅವಳು ಕೆಟ್ಟವಳಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಆದರೆ ಹೆಣ್ಣುಮಗಳು ಬಂಗಾರದಂಥವಳು. ‘ಇವತ್ತ ಕಾಲ ನೋಯಾಕತ್ತಾವೇನ್ರಿ ಅಕ್ಕಾರ? ಹಿಂದ ಬಿದ್ರಿ’ ಎಂದು ಅಂತಃಕರಣದಿಂದ ಕೇಳುತ್ತಿದ್ದಳು. ಗಾಯದ ಮೇಲೆ ಖಾರ ಸುರಿದಂತಾಗುತ್ತಿತ್ತು.

ಅಷ್ಟರಲ್ಲಿ ಧಾರವಾಡದಲ್ಲಿ ಹೆಂಗಸರ ಓಟವೊಂದು ಬಂತು. ಬಳಗದ ಹೆಸರಲ್ಲಿ ಒಬ್ಬಳೇ ಹೋಗಬೇಕು, ಬರುವ ರವಿವಾರ ಯಾರ ದಸ್ತಿ ಗಿಡದಲ್ಲಿರುತ್ತದೋ ಅವಳೇ ಎಂದು ಠರಾವಾಯಿತು. ಆ ವಾರ ನನಗೆ ಊಟ ಸೇರಲಿಲ್ಲ. ‘ಓಡಾಕ ಹೊಂಟಿಯೋ ಯುದ್ಧಕ್ಕ ಹೊಂಟಿಯೋ?’ ಎಂದು ನಮ್ಮ ಮನೆಯವರು ಕೇಳಿದರು.

ಆ ರವಿವಾರ ಎಂಥ ಮಂಜು ಬಿದ್ದಿತ್ತೆಂದರೆ, ಹತ್ತು ಮಾರು ಆಚೆಗೆ ಏನೂ ಕಾಣುತ್ತಿರಲಿಲ್ಲ. ಗಂಗಕ್ಕ ‘ಹೂಂ, ನಡೀರಿ’ ಅಂದದ್ದೇ ತಡ, ನಾನು ಹಿಂದೆ ಮುಂದೆ ನೋಡದೆ ಓಡಿದೆ. ಗೇಟು ದಾಟುವಾಗ ಗಂಟೆ ಬಾರಿಸುತ್ತಿತ್ತು. ದಾಟಿದ ಮೇಲೆ ಬೆನ್ನ ಹಿಂದೆ ಗೇಟು ಬಿದ್ದ ಸದ್ದು ಕೇಳಿತು. ಇನ್ನು ನಾನೇ ಮುಂದೆ ಎಂದುಕೊಂಡೆ. ಹೊಲದ ದಾರಿಗೆ ಹೊರಳಿದೆ. ಮುಂದೆ ಹಳದಿ ಓಢಣಿ ಕಂಡಿತು.

ಈಕೆ ಯಾವಾಗ ದಾಟಿದಳು? ಇದ್ದ ಬಲವೆಲ್ಲ ಹಾಕಿ ಓಡಿದೆ. ನಾನು ಜೋರು ಮಾಡಿದರೆ ಅವಳೂ ಜೋರು, ನಾನು ಸುಸ್ತಾದರೆ ಅವಳೂ ನಿಧಾನ. ಒಮ್ಮೆಯೂ ತಿರುಗಿ ನೋಡಲಿಲ್ಲ. ಕಾಲಿನ ಸಪ್ಪಳ ನನ್ನದೊಂದೇ ಕೇಳುತ್ತಿತ್ತು. ಅದು ಹೊಳೆದದ್ದು ಆಮೇಲೆ. ತಿರುವಿನಲ್ಲಿ ಅವಳು ದಾರಿ ಬಿಟ್ಟು ಸೀದಾ ಕಡಲೆ ಹೊಲಕ್ಕೆ ಇಳಿದಳು, ಮಂಜಿನಲ್ಲಿ ಕರಗಿದಳು. ‘ಕಳ್ಳಿ!’ ಎಂದು ಬಾಯಿಬಿಟ್ಟೇ ಅಂದೆ. ಮೋಸ ಮಾಡಿ ಗೆಲ್ಲುತ್ತಾಳಲ್ಲ ಎಂದು ಮೈಯೆಲ್ಲ ಉರಿಯಿತು.

ನಾನು ದಾರಿಯಲ್ಲೇ ಬಳಸಿ ಬಂದೆ. ಗಿಡದ ಹತ್ತಿರ ಯಾರೂ ಇಲ್ಲ. ಕೊಂಬೆಗೆ ದಸ್ತಿ ಕಟ್ಟಿತ್ತು, ಹಸಿ ಹಸಿಯಾಗಿತ್ತು. ಅಂಚು ಹಿಡಿದು ನೋಡಿದೆ. ಹಸಿರು. ನನ್ನ ದಸ್ತಿ ಸೊಂಟದಲ್ಲಿತ್ತು, ಮುಟ್ಟಿ ನೋಡಿಕೊಂಡೆ. ಇಲ್ಲಿಗೆ ಮುಗಿಯಿತು ಎಂದು ಹಲ್ಲು ಕಚ್ಚಿ ತಿರುಗಿದೆ.

ಅರ್ಧ ದಾರಿಗೆ ಬಂದಿರಬಹುದು, ಎದುರಿಗೆ ಶಮ್‌ಶಾದ್ ಓಡಿ ಬರುತ್ತಿದ್ದಳು. ಅವಳ ಹಿಂದೆ ಉಳಿದವರು. ಗಿಡದ ಕಡೆಗೇ ಹೊರಟಿದ್ದರು.

‘ಹೊಲದಾಗ ಹಾದು ಗೆಲ್ಲೂದು ಯಾವ ಸೀಮಿ ಗೆಲುವು ಬೇ?’ ಎಂದು ಚೀರಿದೆ. ಯಾವತ್ತೂ ಅವಳಿಗೆ ಹಾಗೆ ಅಂದವಳಲ್ಲ.

ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. ‘ಯಾವ ಹೊಲಾರಿ? ಅಲ್ಲಾನ ಆಣಿ ಅಕ್ಕಾರ, ನಾ ಗೇಟಿನ್ಯಾಗ ಸಿಕ್ಕೊಂಡಿದ್ನಿ. ಗೂಡ್ಸ್ ಗಾಡಿ ಹೋಗೂತನಕ ಎಲ್ಲಾರೂ ಅಲ್ಲೇ ನಿಂತಿದ್ವಿ.’

‘ಹೌದ್ರಿ, ನನ್ನ ಕೈ ಹಿಡಕೊಂಡ ನಿಂತಿದ್ಲು,’ ಎಂದಳು ಗಂಗಕ್ಕ.

ಶಮ್‌ಶಾದ್ ತನ್ನ ದಸ್ತಿ ತೆಗೆದು ತೋರಿಸಿದಳು. ಹಸಿರು ಅಂಚು, ಇಸ್ತ್ರಿಯ ಮಡಿಕೆ ಕೂಡ ಬಿಚ್ಚಿರಲಿಲ್ಲ. ಎಲ್ಲರೂ ಕೂಡಿ ಗಿಡದ ತನಕ ನಡೆದುಕೊಂಡೇ ಹೋದೆವು. ಕೊಂಬೆಯಲ್ಲಿ ದಸ್ತಿ ಇತ್ತು. ಅದರ ಅಂಚು ಕೆಂಪು. ಸೊಂಟಕ್ಕೆ ಕೈ ಹಾಕಿದೆ, ಅಲ್ಲಿ ಏನೂ ಇರಲಿಲ್ಲ.

ಗಂಗಕ್ಕ ದಸ್ತಿ ಬಿಚ್ಚಿ ಹಿಂಡಿದಳು, ಬೆರಳು ನಾಲಿಗೆಗೆ ಹಚ್ಚಿಕೊಂಡಳು. ‘ಅಯ್ಯ, ಅಗದಿ ಕಡ್ಲಿ ಹುಳಿ ಆಗೇತಲ್ಲ!’ ಅಂದಳು. ಕಡಲೆ ಗಿಡದ ಮೇಲೆ ಬಿದ್ದ ಇಬ್ಬನಿ ಹುಳಿಯಾಗುತ್ತದೆ. ಹೊಟ್ಟೆನೋವಿಗೆಂದು ನಮ್ಮ ಜನ ನಸುಕಿನಲ್ಲಿ ಗಿಡಗಳ ಮೇಲೆ ಬಟ್ಟೆ ಹಾಸಿ ಅದನ್ನು ಹಿಂಡಿ ಇಡುತ್ತಾರೆ. ನಾನು ಹೊಲಕ್ಕೆ ಕಾಲಿಟ್ಟಿರಲಿಲ್ಲ. ನನ್ನ ಬೂಟಿಗೆ ದಾರಿಯ ಧೂಳು ಬಿಟ್ಟರೆ ಎರೆಮಣ್ಣಿನ ಒಂದು ಹೆಂಟೆಯೂ ಅಂಟಿರಲಿಲ್ಲ.

ನಾನು ಕಟ್ಟಿಲ್ಲ ಎಂದು ಎಲ್ಲರಿಗೂ ಹೇಳಿದೆ. ಯಾರೂ ಕೇಳಲಿಲ್ಲ. ಗೇಟು ಬಿದ್ದಿತ್ತಲ್ಲ, ಇನ್ನೊಮ್ಮೆ ಓಡೋಣ ಎಂದು ಅನ್ನಬೇಕಾದವಳು ಶಮ್‌ಶಾದ್. ಅವಳೇ ‘ಗೇಟ್ ಬಿದ್ದದ್ದು ನಸೀಬು. ದಸ್ತಿ ನಿಮ್ಮದೈತಿ, ನೀವ ಹೋಗ್ರಿ’ ಅಂದಳು. ಮುಖ ಮಾತ್ರ ಸಣ್ಣದಾಗಿತ್ತು.

ಹೋದೆ. ಧಾರವಾಡದಲ್ಲಿ ಹತ್ತರಲ್ಲಿ ಹನ್ನೊಂದು ಎಂಬಂತೆ ಓಡಿ ಬಂದೆ. ಬಂದವಳೇ ಜ್ವರ ಹಿಡಿದು ಹಾಸಿಗೆ ಸೇರಿದೆ. ಮನೆಯವರಿಗೆ ಎಲ್ಲ ಹೇಳಿದಾಗ, ‘ಕಾಮಾಲಿ ಕಣ್ಣಿಗೆ ಕಂಡದ್ದೆಲ್ಲಾ ಹಳದಿ’ ಎಂದು ನಕ್ಕರು. ನೀನೇ ಕಟ್ಟಿದ್ದಿ, ಸಿಟ್ಟಿನ ಭರದಲ್ಲಿ ಮರೆತಿದ್ದಿ ಎಂಬುದು ಅವರ ವಾದ. ಇರಬಹುದು. ಹಾಗಾದರೆ ಆ ಹುಳಿ ಎಲ್ಲಿಂದ ಬಂತು ಎಂದು ಕೇಳಿದೆ. ಪೇಪರು ಬಿಡಿಸಿಕೊಂಡರು.

ಇದೆಲ್ಲ ಆಗಿ ವರ್ಷ ಕಳೆದಿತ್ತು. ಒಂದು ರವಿವಾರ ನಾನೂ ಶಮ್‌ಶಾದಳೂ ಬನ್ನಿಗಿಡದ ಕೆಳಗೆ ದಣಿವಾರಿಸಿಕೊಳ್ಳುತ್ತ ನಿಂತಿದ್ದೆವು. ಅವಳು ಬೂಟಿನ ದಾರ ಕಟ್ಟುತ್ತ, ತಲೆಯೆತ್ತದೆ ಹೇಳಿದಳು:

‘ಅಕ್ಕಾರ, ಒಂದ್ ಮಾತ್ ಹೇಳ್ತೇನಿ, ನಗಬ್ಯಾಡ್ರಿ. ಧಾರವಾಡಕ್ಕ ಹೋಗಿಬಂದು ನೀವು ಜ್ವರದಾಗ ಮಲಗಿದ್ರೆಲ್ಲ, ಆ ವಾರಾನೂ ಮಂಜ ಬಿದ್ದಿತ್ರಿ. ತಿರುವಿನತನಕ ನಾ ನಿಮ್ಮ ಬೆನ್ನ ಹತ್ತಿ ಓಡೇನ್ರಿ. ಸೊಂಟದಾಗ ಕೆಂಪ ಅಂಚಿನ ದಸ್ತಿ ಕಾಣಾಕತ್ತಿತ್ತು. ಜಡ್ಡು ಅಂತ ಹೇಳಿ ಕದ್ದ ಬಂದಾರ ಅಂತ ನನಗ ಹೊಟ್ಟಿ ಉರದಿತ್ರಿ. ಊರಿಗೆ ಬಂದ್ರ, ಅಕ್ಕಾರು ಹಾಸಿಗಿ ಬಿಟ್ಟ ಎದ್ದೇ ಇಲ್ಲ ಅಂದ್ಲು ಗಂಗಕ್ಕ.’

ಇದನ್ನು ಕೇಳಿ ನಾನು ಹೆದರಬೇಕಿತ್ತು. ಇಲ್ಲವೇ ಇವಳಿಗೂ ನನ್ನ ಮೇಲೆ ಉರಿ ಇತ್ತಲ್ಲ ಎಂದು ಅವಳ ಕೈಯಾದರೂ ಹಿಡಿಯಬೇಕಿತ್ತು. ನನ್ನ ಬಾಯಿಂದ ಬಂದ ಮಾತೇ ಬೇರೆ.

‘ಎಷ್ಟ ಮುಂದ ಇದ್ನಿ?’

‘ಭಾಳ ಮುಂದ ಇದ್ರಿ ಅಕ್ಕಾರ. ಹಿಡಿಯಾಕ ಆಗಲಿಲ್ಲ.’

ಹಿಗ್ಗಿದೆ, ಸುಳ್ಳು ಹೇಳುವುದಿಲ್ಲ. ಮನೆಗೆ ಬರುವಷ್ಟರಲ್ಲಿ ಆ ಹಿಗ್ಗು ಇಳಿದು ಮತ್ತದೇ ಹಳೆಯ ಉರಿ ಶುರುವಾಗಿತ್ತು. ನನ್ನಂತೆ ಕಂಡು ಓಡಿದ ಅವಳು ಯಾರು, ಹೇಗೆ ಬಂದಳು, ನನಗೆ ಇಂದಿಗೂ ತಿಳಿದಿಲ್ಲ. ನಾನು ಕಂಬಳಿ ಹೊದ್ದು ನಡುಗುತ್ತಿದ್ದಾಗ ನನ್ನ ದಸ್ತಿ ಸಿಕ್ಕಿಸಿಕೊಂಡು ಶಮ್‌ಶಾದಳನ್ನು ಅಷ್ಟು ಹಿಂದೆ ಹಾಕಿದಳಲ್ಲ. ನನ್ನ ಕಾಲಿನಿಂದ ಅದು ಈವರೆಗೂ ಆಗಿಲ್ಲ.