ಲೀಟರಿಗೆ ಇಪ್ಪತ್ನಾಲ್ಕು

...ಅಥವಾ ಅದು ಬೇಸಿಗೆಯೇ ಅಲ್ಲವೇನೋ, ಬಿಸಿಲನ್ನು ನೆನಪು ಆಮೇಲೆ ಸೇರಿಸಿಕೊಂಡಿತೇನೋ — ಆದರೆ ನಿನ್ನನ್ನು ಕಳ್ಳನನ್ನಾಗಿ ಮಾಡಿದ್ದು ನಾನೇ, ಮಹೆಬೂಬ್. ಅದರಲ್ಲಿ ಅನುಮಾನವಿಲ್ಲ.

ಆಗ ನಾನು ಜಗತ್ ಸರ್ಕಲ್ ಬಳಿಯ ಶೋರೂಮಿನಲ್ಲಿ ಕಾರು ಮಾರುತ್ತಿದ್ದೆ. ತೊಗರಿ ವ್ಯಾಪಾರಿ ಶರಣಪ್ಪನವರಿಗೆ ಡೀಸೆಲ್ ಕಾರು ಮಾರಿದವನು ನಾನು. ಅದನ್ನು ದಿನವೂ ಕಲಬುರಗಿಯಿಂದ ಕಮಲಾಪುರಕ್ಕೆ ಓಡಿಸುತ್ತಿದ್ದ ಅವರ ಡ್ರೈವರ್ ನೀನು. ಕಂಪನಿಯ ಪುಸ್ತಿಕೆಯಲ್ಲಿ ಲೀಟರಿಗೆ ಇಪ್ಪತ್ನಾಲ್ಕು ಕಿಲೋಮೀಟರ್ ಎಂದಿತ್ತು. ನಿನ್ನ ಕೈಯಲ್ಲಿ ಹದಿನಾರು ಬರುತ್ತಿತ್ತು. ಉಳಿದ ಡೀಸೆಲನ್ನು ನೀನು ಪೈಪು ಹಾಕಿ ಎಳೆಯುತ್ತೀಯೆಂದು ಶರಣಪ್ಪನವರ ಗುಮಾನಿ.

"ನೀವs ಒಮ್ಮಿ ಓಡ್ಸಿ ನೋಡ್ರಿ," ಎಂದು ನನ್ನನ್ನು ಕರೆಸಿದರು. ಪಂಪಿನಲ್ಲಿ ಟ್ಯಾಂಕನ್ನು ಕಂಠದವರೆಗೆ ತುಂಬಿಸಿದೆವು. ಒಳಗಿನ ಗಾಳಿ ಹೊರಡಲೆಂದು ನೀನು ಕಾರನ್ನು ಅಲುಗಿಸಿದೆ. "ತೊಟ್ಲಾ ತೂಗಾಕತ್ತೀನ್ರಿ ಸಾಹೇಬ್ರ, ನೀವೊಂದು ಜೋಗುಳ ಹಾಡ್ರಿ!" ನೀನು ನಗುತ್ತಿದ್ದೆ. ಪರೀಕ್ಷೆ ನಿನ್ನನ್ನು ಉಳಿಸುತ್ತದೆಂದು ನೀನು ನಂಬಿದ್ದೆ.

ನಾನೊಬ್ಬನೇ ಕಮಲಾಪುರಕ್ಕೆ ಹೊರಟೆ. ಎ.ಸಿ. ಇಲ್ಲ. ಐವತ್ತು ದಾಟಲಿಲ್ಲ. ಇಳಿಜಾರಿನಲ್ಲಿ ನ್ಯೂಟ್ರಲ್. ಗಾಡಿ ಎಷ್ಟು ಕಡಿಮೆ ಕುಡಿಯಬಲ್ಲದೆಂಬ ಆಟದಂಥ ಕುತೂಹಲ — ಅದೊಂದು ಸುಖವಾಗಿತ್ತು, ಹೇಳಲು ನಾಚಿಕೆ. ಶರಣಪ್ಪನವರು ದಾರಿಯ ಮಹಾಗಾಂವದಲ್ಲಿ ಚೌಕಾಸಿ ಮಾಡುವಾಗ ಕಾರು ತಣ್ಣಗಿರಲೆಂದು ಎಂಜಿನ್ ಆರಿಸಲು ಬಿಡುತ್ತಿರಲಿಲ್ಲ, ಡಿಕ್ಕಿಯ ತುಂಬ ಚೀಲ ಹೇರಿಸುತ್ತಿದ್ದರು. ಅದು ನನಗೆ ಗೊತ್ತಿತ್ತು.

ಮರಳಿ ಬಂದು ಮತ್ತೆ ತುಂಬಿಸಿದೆವು.

"ಇಪ್ಪತ್ಮೂರು ಬಂತ್ರಿ," ಎಂದೆ. "ಗಾಡಿ ಸುಳ್ಳ ಹೇಳಂಗಿಲ್ಲ."

"ಹಂಗಾರ ಹೇಳಾಂವ ಯಾಂವ ಅನ್ನೋದು ತಿಳೀತಲ್ಲ," ಎಂದು ಶರಣಪ್ಪನವರು ನಿನ್ನ ಮುಂದೆ ಕೈಯೊಡ್ಡಿದರು. ಪರೀಕ್ಷೆಯ ಕೀಲಿ ನನ್ನ ಬಳಿಯಿತ್ತು. ನೀನು ಜೇಬಿನಿಂದ ಎರಡನೆಯದನ್ನು ತೆಗೆದುಕೊಟ್ಟೆ. ಆಮೇಲೆ ನನ್ನನ್ನು ಕೇಳಿದೆ: "ಎ.ಸಿ. ಹಚ್ಚಿದ್ರೇನ್ರಿ?"

ಕೇಳಿದೆಯೋ, ಅಥವಾ ನೀನು ಕೇಳಬೇಕಿತ್ತೆಂದು ಇಷ್ಟು ವರ್ಷ ನಾನೇ ಹೇಳಿಸುತ್ತಿದ್ದೇನೋ — ಉತ್ತರ ಕೊಡದೆ ನಿಂತದ್ದಂತೂ ನಾನೇ. ಬಾಯಿಬಿಟ್ಟಿದ್ದರೆ ಮಾರುವಾಗ ಇಪ್ಪತ್ನಾಲ್ಕು ಖಾತ್ರಿ ಎಂದು ಆಡಿದ ಮಾತೂ ಬಿಚ್ಚಿಕೊಳ್ಳುತ್ತಿತ್ತು. ಅಂಕಿ ನಿಜ, ಅದನ್ನು ಪಡೆದ ಬಗೆಯನ್ನು ಬಚ್ಚಿಟ್ಟೆ.

ಈಗ ಅದೇ ಮಾದರಿಯ ಹಳೇ ಕಾರೊಂದನ್ನು ಕೊಂಡು, ಅದೇ ದಾರಿಯಲ್ಲಿ ಅಳೆಯುತ್ತೇನೆ. ಚೀಲ ಹೇರಿ, ಎ.ಸಿ. ಹಚ್ಚಿ, ಮಹಾಗಾಂವದಲ್ಲಿ ಎಂಜಿನ್ ಆರಿಸದೆ ಕೂತು. ಹದಿನೆಂಟು ಬಂತು, ಒಮ್ಮೆ ಹದಿನೇಳು. ಶರಣಪ್ಪನವರಿಗೆ ಹೋಗಿ ಎಲ್ಲ ಹೇಳಿದೆ. "ಈಗ್ಯಾಕ್ರಿ ಅದು?" ಎಂದರು, ಅಷ್ಟೆ.

ಹದಿನಾರು ಮಾತ್ರ ಇನ್ನೂ ಬಂದಿಲ್ಲ. ಆ ಒಂದು ಕಿಲೋಮೀಟರ್ ಟೈರಿನ ಗಾಳಿಯೋ, ಎದುರುಗಾಳಿಯೋ, ನೀನೋ — ಹೌದು, ಈಗಲೂ ಹಾಗೆ ಯೋಚಿಸುತ್ತೇನೆ — ನನಗೆ ಗೊತ್ತಿಲ್ಲ. ಆಮೇಲೆ ನಿನಗೆ ಯಾರಾದರೂ ಓಡಿಸಲು ಕಾರು ಕೊಟ್ಟರೋ ಇಲ್ಲವೋ, ಅದೂ ಗೊತ್ತಿಲ್ಲ.