ಮತದಾನದ ದಿನ ಕಾಲುವೆಗೆ ಬಂದ ನೀರು

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಸಿಂಧನೂರು ಸೀಮೆಗೆ ಹರಿದು ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. ಅರವತ್ತರ ದಶಕದ ಮೊದಲ ಭಾಗವದು. ನಮ್ಮದು ಆಗ ಪಟ್ಟಣ ಪಂಚಾಯಿತಿ. ಅದರ ಚುನಾವಣೆಗೆ ನನ್ನ ಸೋದರಮಾವ ಶರಣಪ್ಪನವರು ನಿಂತರು, ಸೋತರು. ಅವರು ಸೋತದ್ದೇಕೆಂಬುದನ್ನು ಊರು ಇಂದಿಗೂ ಒಂದೇ ಬಗೆಯಲ್ಲಿ ಹೇಳುತ್ತದೆ: ಎದುರಾಳಿ ವೀರಭದ್ರಪ್ಪನವರು ಮತದಾನದ ದಿನವೇ ಕಾಲುವೆಯ ಗೇಟು ತೆರೆಸಿ, ಆಚೆ ದಂಡೆಯ ಮತದಾರರು ಈಚೆ ಬಾರದಂತೆ ಮಾಡಿದರು. ಈಚೆಗೆ ಊರಿನ ಆಡಳಿತದ ಚರಿತ್ರೆಯನ್ನು ತಿಳಿಸುವ ಪುಸ್ತಿಕೆಯೊಂದರಲ್ಲಿಯೂ ಇದೇ ಕಥೆ ಅಚ್ಚಾಗಿರುವುದನ್ನು ಕಂಡೆ. ನಾನು ಶಾಲೆಯಲ್ಲಿ ಓದಿದ್ದು ನಾಲ್ಕನೆಯ ತರಗತಿಯವರೆಗೆ, ಅದೂ ಉರ್ದುವಿನಲ್ಲಿ. ಕನ್ನಡದ ಓದು ಬರಹವನ್ನು ಆಮೇಲೆ ನಾನಾಗಿಯೇ ರೂಢಿಸಿಕೊಂಡೆ. ಅಚ್ಚಾದದ್ದನ್ನೆಲ್ಲ ನಂಬುವ ರೂಢಿ ಮಾತ್ರ ಬೆಳೆಯಲಿಲ್ಲ. ಅಲ್ಲದೆ, ಆ ದಿನ ಗೇಟಿನವರೆಗೆ ಹೋಗಿಬಂದವನು ನಾನೇ.

ನಮ್ಮ ವಾರ್ಡಿನ ಅರ್ಧ ಮನೆಗಳು ಉಪಕಾಲುವೆಯ ಆಚೆಗಿದ್ದವು. ಮತಗಟ್ಟೆಯಾಗಿದ್ದ ಶಾಲೆ ಈಚೆಗಿತ್ತು. ಸೇತುವೆ ಬಹಳ ದೂರ. ಆ ವರ್ಷ ಮುಂಗಾರಿನಲ್ಲಿ ಕಾಲುವೆಯ ದಂಡೆ ಎಲ್ಲಿಯೋ ಒಡೆದು, ದುರಸ್ತಿಗೆಂದು ನೀರು ನಿಲ್ಲಿಸಿದ್ದರು. ಜನ ಒಣಗಿದ ಕಾಲುವೆಯನ್ನೇ ದಾರಿ ಮಾಡಿಕೊಂಡರು. ಎಮ್ಮೆಗಳು ಅದರಲ್ಲಿಯೇ ಇಳಿದು ಹತ್ತಿದವು. ಬುತ್ತಿ ಹೊತ್ತ ಹೆಂಗಸರೂ ಅದರಲ್ಲಿಯೇ ಓಡಾಡಿದರು. ಕಾಲುವೆ ನೀರಿಗಾಗಿ ಇದೆ ಎಂಬುದೇ ಮರೆತುಹೋದಂತಿತ್ತು. ಆದರೆ ಆಚೆಯವರು ಭತ್ತದ ಸಸಿ ಮಡಿ ಹಾಕಿಕೊಂಡಿದ್ದರು. ಮಡಿಗಳು ಬಿರುಕು ಬಿಡತೊಡಗಿದ್ದವು.

ಮಾವನ ಪ್ರಚಾರವೆಲ್ಲ ಆ ಮಡಿಗಳ ಸುತ್ತಲೇ ನಡೆಯಿತು. "ನೀರು ತರಸಿಕೊಡೋದು ನನ್ನ ಜವಾಬ್ದಾರಿ" ಎಂದು ಅವರು ಮನೆಮನೆಗೆ ಹೇಳಿದ್ದರು. ವೀರಭದ್ರಪ್ಪನವರದು ಪೇಟೆಯಲ್ಲಿ ದಲಾಲಿ ಅಂಗಡಿ. ಅವರು ಕಟ್ಟೆಯ ಮೇಲೆ ಕುಳಿತು, "ಪಂಚಾಯ್ತಿ ಮೆಂಬರ್‍ಗೂ ಕಾಲವಿಗೂ ಏನ್ ಸಂಬಂಧ್ರೀ? ಶರಣಪ್ಪ ನಾಳೆ ಮಳೀನೂ ನಾನ ತರಸ್ತೀನಿ ಅಂದಾನು" ಎಂದು ನಗೆಯಾಡುತ್ತಿದ್ದರು. ಮಾತು ಸರಿಯೇ ಇತ್ತು. ಕಾಲುವೆ ಪಂಚಾಯಿತಿಯ ಅಧೀನವಾಗಿರಲಿಲ್ಲ.

ಮತದಾನದ ದಿನ ಬೆಳಿಗ್ಗೆ ಈಚೆ ದಂಡೆಯವರು ಸಾಲುಗಟ್ಟಿ ಮತ ಹಾಕಿದರು. ಆಚೆಯವರು ಹೊಲದ ಕೆಲಸ ಮುಗಿಸಿ ಊಟವಾದ ಮೇಲೆ ಬರುವುದೆಂದು ಗೊತ್ತಾಗಿತ್ತು. ಮಧ್ಯಾಹ್ನ ದಂಡೆಯ ಮೇಲೆ ಅವರ ದಾರಿ ಕಾಯುತ್ತಿದ್ದ ನಮಗೆ ಮೊದಲು ಕಂಡದ್ದು ಕಸಕಡ್ಡಿ ನೂಕಿಕೊಂಡು ಬರುವ ಕೆಂಪು ನೊರೆ. ನೋಡುತ್ತಿದ್ದಂತೆಯೇ ಸೆಳೆತದ ನೀರು ಸೊಂಟ ಮೀರಿ ಏರಿತು. ನಮ್ಮ ಸೀಮೆಯ ಜನರಿಗೆ ಈಜು ಬಾರದು.

"ಇದು ವೀರಭದ್ರಪ್ಪಂದ ಕೆಲಸ!" ಎಂದು ಯಾರೋ ಕೂಗಿದರು. ಆ ಕೂಗಿಗೆ ನಾನೂ ದನಿಗೂಡಿಸಿದೆ. ಒಬ್ಬರ ಸೈಕಲ್ಲು ಕಸಿದುಕೊಂಡು ದಂಡೆಗುಂಟ ಗೇಟಿಗೆ ಹೋದೆ.

ಗೇಟು ಕಾಯುತ್ತಿದ್ದವರು ಹುಸೇನಸಾಬರು. ಬೇವಿನ ನೆರಳಿಗೆ ಕುಳಿತು ಬೀಡಿ ಸೇದುತ್ತಿದ್ದರು.

"ಎಷ್ಟು ತಗೊಂಡೀರಿ ಅವನ ಕಡಿಂದ?" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮೊದಲು ಉಸರು ತಗೋಬೇ. ಯಾರ ಕಡಿಂದ?"

"ವೀರಭದ್ರಪ್ಪನ ಕಡಿಂದ!"

"ಅಂವ ಕಾಲವಿ ಎಲ್ಲಿ ಹರೀತದ ಅಂತನೂ ನೋಡಿಲ್ಲೋ. ನಿಮ್ಮ ಮಾವ ದಿನಾ ಕಾಲವಿ ಸಾಹೇಬ್ರ ಬಂಗಲಿ ಬಾಗಲದಾಗ ನಿಂತು, ಮಡಿ ಒಣಗ್ಯಾವ, ಇವತ್ತ ಬಿಡ್ರೀ, ಈಗ ಬಿಡ್ರೀ ಅಂತ ಗಂಟು ಬಿದ್ದಿದ್ರು. ದುರಸ್ತಿ ಮುಗೀತು, ಮುಂಜಾನಿ ಹುಕುಂ ಬಂತು, ಬಿಟ್ಟೆ. ಅವ್ರಿಗೇ ಖುಷಿ ಆಗ್ಯಾದಂತ ತಿಳದಿದ್ದೆ ನಾ."

ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿದೆ. ಮತದಾನ ಮುಗಿಯುವವರೆಗಾದರೂ ಗೇಟು ಇಳಿಸಬೇಕೆಂದು ಬೇಡಿಕೊಂಡೆ.

"ಇಳಸಾಕ ನನಗ ಹುಕುಂ ಇಲ್ಲ. ಖರೇ ಹೇಳಬೇಕಂದ್ರ, ನಿಮ್ಮ ಮಾವನ ಸಲುವಾಗಿ ಬೈಸಿಕೊಳ್ಳಾಕ ತಯಾರದೀನಿ. ಅವ್ರು ಬಂದ್ ಮಾಡು ಅಂದ್ರ ಮಾಡ್ತೀನಿ. ನೀ ಅಂದ್ರ ಇಲ್ಲ."

ಹಿಂದಿರುಗಿ ಮಾವನನ್ನು ಗುಂಪಿನಿಂದ ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದೆ. ಮತದಾನ ಮುಗಿಯಲು ಇನ್ನೂ ಸಮಯವಿತ್ತು. ಅವರು ನೇರ ದಂಡೆಯ ಅಂಚಿಗೆ ಹೋಗಿ ಆಚೆಗೆ ಕೂಗಿದರು:

"ದುರುಗಮ್ಮಾ! ಸುತ್ತು ಹಾಕ್ಕೊಂಡು ಬರ್ರಿ, ಓಟಿನ ಹೊತ್ತು ಮೀರತದ!"

ಆಚೆ ಸೀರೆ ಎತ್ತಿಕಟ್ಟಿ, ಹೆಗಲಿಗೆ ಸಲಿಕೆ ಇಟ್ಟುಕೊಂಡಿದ್ದ ದುರುಗಮ್ಮ ಅಲ್ಲಿಂದಲೇ ಕೂಗಿದಳು: "ಎಲ್ಲಿ ಬರೋದು ಶರಣಪ್ಪಣ್ಣ! ನೀರು ಬಂದಾವಲ್ಲ, ಮಡಿಗೆ ಕಟ್ಟಬೇಕು. ನಿನ್ನ ಓಟು ಎಲ್ಲಿಗೆ ಹೋಗ್ತದ, ಮುಂದಿನ ಸಲ ಹಾಕ್ತೀವಿ ತಗೋ!"

ಸುತ್ತಲಿದ್ದವರು ನಕ್ಕರು. ಅವಳು ತಮಾಷೆಗೆ ಹೇಳಿದಳೋ ನಿಜವಾಗಿ ಹೇಳಿದಳೋ ತಿಳಿಯಲಿಲ್ಲ. ಆಚೆ ದಂಡೆಯಲ್ಲಿ ಸಲಿಕೆ ಹಿಡಿದವರು ಒಬ್ಬೊಬ್ಬರಾಗಿ ಮಡಿಗಳ ಕಡೆಗೆ ಓಡತೊಡಗಿದ್ದರು. ಒಬ್ಬರೂ ನೀರನ್ನು ಬೈಯಲಿಲ್ಲ.

ನಾನು ಮಾವನ ತೋಳು ಹಿಡಿದು, "ಹುಸೇನಸಾಬರು ಕಾಯಾಕತ್ತಾರ ಮಾವ. ಒಂದ್ ಮಾತು ಹೇಳು" ಎಂದೆ.

"ಏನಂತ ಹೇಳ್ಲೋ? ಓಟು ಹಾಕೋತನಕ ನಿಮ್ಮ ಸಸಿ ತಡೀಲಿ ಅಂತನಾ?" ಎಂದರು. ಆಮೇಲೆ, ತಮಗೆ ತಾವೇ ಎಂಬಂತೆ, "ಹರೀಲಿ ಬಿಡು" ಎಂದರು.

ಅಂದು ಆಚೆ ದಂಡೆಯಿಂದ ಬೆರಳೆಣಿಕೆಯ ಜನ ಸೇತುವೆ ಸುತ್ತಿ ಬಂದು ಮತ ಹಾಕಿದರು. ಮಾವ ಸೋತರು.

ನನ್ನ ಕುತೂಹಲ ಕೆರಳಿದ್ದು ಅನಂತರ. ಗೇಟಿನಲ್ಲಿ ನಡೆದದ್ದನ್ನು ನಾನು ಮರುದಿನದಿಂದಲೇ ಹೇಳುತ್ತಾ ಬಂದೆ. ನಮ್ಮ ಕಡೆಯವರೇ ಒಪ್ಪಲಿಲ್ಲ. ತಾವು ಮೋಸಹೋದೆವೆಂಬುದು ಅವರಿಗೆ ಒಂದು ಸಮಾಧಾನವಾಗಿತ್ತು. ಹಾಗಿದ್ದರೆ ಆರೋಪ ಹೊತ್ತ ವೀರಭದ್ರಪ್ಪನವರೇಕೆ ನಿರಾಕರಿಸಲಿಲ್ಲ? ಹಲವು ವರ್ಷಗಳ ಮೇಲೆ ಅವರ ಅಂಗಡಿಗೇ ಹೋಗಿ ಕೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹುಚ್ಚ ಅದೀಯಲೇ. ಕಾಲವೀನ ತೆರಸ್ಯಾನ ಅಂತ ಊರು ನನಗ ಅಂಜತದ. ಇಲ್ರೀ, ನನ್ನ ಮಾತು ಗೇಟಿನವನೂ ಕೇಳಲ್ಲ ಅಂತ ನಾನ ಡಂಗುರ ಹೊಡಸ್ಲೇನು?"

ಸೋತವರಿಗೂ ಬೇಕಾದ, ಗೆದ್ದವರಿಗೂ ಬೇಕಾದ ಸುಳ್ಳನ್ನು ಅಲ್ಲಾಡಿಸುವುದು ಎಷ್ಟು ಕಷ್ಟವೆಂಬುದು ನನಗೆ ಅಂದು ತಿಳಿಯಿತು. ಹುಸೇನಸಾಬರು ನನಗೆ ಸುಳ್ಳು ಹೇಳಿರಬಹುದೇ ಎಂಬ ಸಂಶಯವನ್ನೂ ನಾನು ಬಿಟ್ಟಿರಲಿಲ್ಲ. ಅದನ್ನೊಮ್ಮೆ ಮಾವನ ಮುಂದಿಟ್ಟಾಗ ಅವರು, "ಸಾಹೇಬ್ರ ಜವಾನ ನನ್ನ ನೋಡಿ ಬ್ಯಾಸರಾಗಿ, ಇಲ್ಲೇ ಹಾಸಿಗಿ ಹಾಸ್ಲೇನ್ರೀ ಅಂತಿದ್ದ" ಎಂದು ನಕ್ಕರು. ಮುಂದೆ ಅವರು ಯಾವ ಚುನಾವಣೆಗೂ ನಿಲ್ಲಲಿಲ್ಲ. ಏಕೆಂದು ಕೇಳದೆ ಉಳಿದದ್ದಕ್ಕೆ ನನಗೆ ಈಗಲೂ ಬೇಸರವಿದೆ.

ಪುಸ್ತಿಕೆ ಬರೆದ ಯುವಕರನ್ನು ಕಂಡು ಇದನ್ನೆಲ್ಲ ತಿಳಿಸಿದೆ. ಅವರು ಗೌರವದಿಂದಲೇ, "ಇರಲಿ ಬಿಡ್ರಿ ಅಜ್ಜಾರ, ಅದರಾಗೂ ಶರಣಪ್ಪನವರು ಒಳ್ಳೇರಂತ ಐತಲ್ಲ" ಎಂದರು. ನನ್ನ ತಕರಾರು ಇರುವುದೇ ಅಲ್ಲಿ. ಆ ಕಥೆಯಲ್ಲಿ ನನ್ನ ಮಾವ ಇತರರ ಕುತಂತ್ರಕ್ಕೆ ಸಿಕ್ಕ ಪಾಪದ ಮನುಷ್ಯ, ಅಷ್ಟೇ. ನಾನು ಕಂಡ ಮಾವ, ಗೆದ್ದ ಮೇಲೆ ನಡೆಸಿಕೊಡಬೇಕಾದ ಮಾತನ್ನು ಗೆಲ್ಲುವ ಮೊದಲೇ ನಡೆಸಿಕೊಟ್ಟಿದ್ದರು. ನೀರು ನಿಲ್ಲಿಸಬಲ್ಲ ಒಂದು ಮಾತು ಬಾಯಿಗೆ ಬಂದಿದ್ದರೂ ಆಡದೆ ನಿಂತಿದ್ದರು. ಊರಿನ ಚರಿತ್ರೆಯಲ್ಲಿ ಅವರಿಗೆ ಅನುಕಂಪ ಬೇಕಾಗಿಲ್ಲ. ಅವರು ತಂದ ನೀರು ಅವರ ಹೆಸರಿಗೆ ಬರೆಯಲ್ಪಟ್ಟರೆ ಸಾಕು.