ನಾಲ್ಕನೇ ನಂಬರಿನ ಗೋಡೆ

ಸಬೀರಾಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ಯಾರಾದರೂ ಮುಖದ ಮೇಲೆ ಹೇಳಿದ್ದರೂ ಅವಳು ಜಗಳಕ್ಕೆ ಬರುತ್ತಿರಲಿಲ್ಲ. ಇದ್ದದ್ದನ್ನು ಇಲ್ಲ ಎನ್ನುವ ಹೆಂಗಸಲ್ಲ ಅವಳು. ಹದಿನೇಳಕ್ಕೆ ಮದುವೆಯಾಗಿ, ಯಶವಂತಪುರದ ಈರುಳ್ಳಿ ಮಂಡಿಯ ಅನ್ವರ್‌ನ ಹೆಂಡತಿಯಾಗಿ, ಮಾರ್ಕೆಟ್ಟಿನ ಹಿಂದಿನ ಎರಡು ಕೋಣೆಯ ಬಾಡಿಗೆ ಮನೆಗೆ ಬಂದವಳು. ಅತ್ತೆ ಮೆಹಬೂಬ್ ಬೀಗೆ ಆಗಲೇ ಮಂಡಿ ಬಗ್ಗುತ್ತಿರಲಿಲ್ಲ. ಬೆಳಗಿನ ನಮಾಜಿಗೆ ಮುಂಚೆ ಎದ್ದು, ನೀರು ಕಾಯಿಸಿ, ಮೂತಿಯಿರುವ ತಾಮ್ರದ ಬದ್ನಾದಲ್ಲಿ ತುಂಬಿ, ಅತ್ತೆ ವುಜೂ ಮಾಡುವಾಗ ಕೈಮೇಲೆ, ಪಾದದ ಮೇಲೆ ಸುರಿಯುವ ಕೆಲಸ ಸಬೀರಾಳದಾಯಿತು. ಹೆರಿಗೆಗೆ ತವರಿಗೆ ಹೋದ ದಿನಗಳನ್ನು ಬಿಟ್ಟರೆ ಹದಿನೆಂಟು ವರ್ಷ ಅದು ತಪ್ಪಲಿಲ್ಲ. ಇಷ್ಟಕ್ಕೆ ಅತ್ತೆ ಒಂದು ದಿನವೂ ಒಳ್ಳೆ ಮಾತು ಆಡಿದವಳಲ್ಲ. ನೀರು ಬಿಸಿ ಸಾಲದು ಎಂದದ್ದುಂಟು.

ಹೀಗಿರುವಾಗ ಮೈದುನ ವಾಜಿದ್‌ಗೆ ಮದುವೆಯಾಗಿ ಜಹೀರಾ ಬಂದಳು. ಶಿವಾಜಿನಗರದ ಹುಡುಗಿ, ಎಸ್ಸೆಸ್ಸೆಲ್ಸಿ ಪಾಸು, ನಕ್ಕರೆ ಬೀದಿಗೆ ಕೇಳಿಸಬೇಕು. ಬಂದ ವಾರಕ್ಕೇ ಮೆಹಬೂಬ್ ಬೀ ಅವಳನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದಳು. ಅದನ್ನು ಅಡುಗೆಮನೆಯ ಬಾಗಿಲಿನಿಂದ ನೋಡಿದ ಸಬೀರಾ ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮರೆತು ಹಾಕಿದ್ದಲ್ಲ, ಬೇಕೆಂದೇ ಹಾಕಿದ್ದು.

ಎಪ್ಪತ್ತೊಂಬತ್ತರಲ್ಲಿ ಅಣ್ಣತಮ್ಮಂದಿರು ಸೇರಿ ಮನೆ ತೆಗೆದುಕೊಂಡರು. ಮನೆಯೆಂದರೆ ಅದು ಮನೆಯೇ ಅಲ್ಲ. ಯಲಹಂಕ ದಾಟಿ ಬಾಗಲೂರು ರಸ್ತೆಯಲ್ಲಿ, ದ್ರಾಕ್ಷಿ ತೋಟಗಳ ಪಕ್ಕದಲ್ಲಿ, ಯಾರೋ ಸಾಹುಕಾರ ರಜೆಗೆ ಬರುವವರಿಗೆಂದು ಸಾಲಾಗಿ ಆರು ರೂಮು ಕಟ್ಟಿಸಿದ್ದ. ಎರಡು ವರ್ಷ ಕಾದರೂ ಜನ ಬರಲಿಲ್ಲ, ಮಾರಿಬಿಟ್ಟ. ಪ್ರತಿ ಬಾಗಿಲ ಮೇಲೂ ನಂಬರು. ಬಾಗಿಲ ಹಿಂದೆ ‘ಬೆಳಿಗ್ಗೆ ಹತ್ತಕ್ಕೆ ರೂಮು ಖಾಲಿ ಮಾಡತಕ್ಕದ್ದು’ ಎಂಬ ಚೀಟಿ. ಅದನ್ನು ಓದಿಸಿ ಕೇಳಿದ ಮೆಹಬೂಬ್ ಬೀ, “ನನ್ನ ಖಾಲಿ ಮಾಡ್ಸೋನು ಮೇಲಿದಾನೆ, ಅವನು ಗಡಿಯಾರ ನೋಡಲ್ಲ” ಎಂದಳು.

ಒಂದು, ಎರಡು ಒಡೆದು ಅಡುಗೆಮನೆ ಮಾಡಿದರು. ಮೂರು ಸಬೀರಾಗೆ, ನಾಲ್ಕು ಅತ್ತೆಗೆ, ಐದು ಜಹೀರಾಗೆ, ಆರು ಮಕ್ಕಳಿಗೆ. ತೊಂದರೆ ಇದ್ದದ್ದು ಗೋಡೆಗಳದು. ರಜೆಗೆ ಬಂದವರಿಗೆ ಪಕ್ಕದ ರೂಮಿನವರ ಸಹವಾಸ ಯಾಕೆ ಬೇಕು? ಒಳಗಿನಿಂದ ಒಂದು ಬಾಗಿಲೂ ಇರಲಿಲ್ಲ. ಮಂಡಿ ನೋವಿನ ಮುದುಕಿ ಯಾರನ್ನಾದರೂ ಕರೆಯಬೇಕೆಂದರೆ ಚಳಿಯಲ್ಲಿ ಜಗಲಿಗೆ ಬರಬೇಕಿತ್ತು. ಅವಳ ರೂಮಿನಿಂದ ಒಂದು ಕಡೆಗಾದರೂ ಬಾಗಿಲು ಇಡೋಣವೆಂದು ಬಾಗಲೂರಿನ ಗಾರೆ ಮೇಸ್ತ್ರಿ ಸಿದ್ರಾಮಪ್ಪನನ್ನು ಕರೆಸಿದರು. ಅವನು ಗೋಡೆ ಬಡಿದು ನೋಡಿ, “ಒಂದೇ ಕಡೆ ಕಣ್ರಪ್ಪ. ಮಣ್ಣಲ್ಲಿ ಕಟ್ಟಿದ ಇಟ್ಟಿಗೆ ಗೋಡೆ, ಎರಡೂ ಕಡೆ ಒಡದ್ರೆ ಮ್ಯಾಲಿನ ತೂಕ ತಡೆಯಾಕಿಲ್ಲ” ಎಂದ.

“ಹಾಗಾದ್ರೆ ಜಹೀರಾ ಕಡೆ ಒಡಿ” ಎಂದಳು ಮೆಹಬೂಬ್ ಬೀ. ಯೋಚನೆ ಮಾಡಲಿಕ್ಕೂ ನಿಲ್ಲಲಿಲ್ಲ. ಮಾರನೇ ದಿನ ಚಿಕ್ಕಬಳ್ಳಾಪುರದ ಮಗಳ ಮನೆಗೆ ಹೊರಟುಹೋದಳು.

ಸಬೀರಾಗೆ ಮೈಯೆಲ್ಲ ಉರಿಯಿತು. ಹದಿನೆಂಟು ವರ್ಷ ನೀರು ಸುರಿದವಳ ಕಡೆಗೆ ಗೋಡೆ, ಮೊನ್ನೆ ಬಂದವಳ ಕಡೆಗೆ ಬಾಗಿಲು. ನಾಳೆ ಬದ್ನಾ ಹಿಡಿಯುವವಳೂ ಜಹೀರಾ, ಅತ್ತೆಯ ಮಂಚದ ತುದಿಗೆ ಕೂರುವವಳೂ ಜಹೀರಾ. ಎರಡು ರಾತ್ರಿ ನಿದ್ದೆಗೆಟ್ಟು, ಮೂರನೇ ಬೆಳಿಗ್ಗೆ ಚಹಾ ತೆಗೆದುಕೊಂಡು ಮೇಸ್ತ್ರಿಯ ಹತ್ತಿರ ಹೋದಳು.

“ಅತ್ತೆ ಮನಸ್ಸು ಬದಲಾಯಿಸಿದ್ರು ಮೇಸ್ತ್ರಿ. ಬಾಗಿಲು ನಮ್ಮ ಕಡೆಗೇ ಅಂತೆ.”

“ಯಾವಾಗ ಯೋಳಿದ್ರಮ್ಮ?”

“ಬಸ್ಸು ಹತ್ತೋವಾಗ.”

ಸಿದ್ರಾಮಪ್ಪ ಚಹಾ ಮುಗಿಸಿ ಅವಳ ಮುಖವನ್ನು ಒಮ್ಮೆ ನೋಡಿದ. ಆಮೇಲೆ ಸುತ್ತಿಗೆ ತೆಗೆದುಕೊಂಡ. ಸಂಜೆಗೆ ಗೋಡೆಯಲ್ಲಿ ಆಳೆತ್ತರದ ಕಂಡಿ ಬಿದ್ದಿತ್ತು. ಜಹೀರಾ ಬಂದು ನೋಡಿ, “ನಿಮ್ಮ ಕಡೇನೇ ಆಯ್ತಲ್ಲ ಭಾಬಿ, ಒಳ್ಳೇದೇ ಆಯ್ತು” ಎಂದು ನಕ್ಕುಬಿಟ್ಟಳು. ಅವಳು ಒಂದಿಷ್ಟು ಅತ್ತಿದ್ದರೆ ಸಬೀರಾಗೆ ಸಮಾಧಾನವಾಗುತ್ತಿತ್ತು.

ವಾರ ಕಳೆದು ಮೆಹಬೂಬ್ ಬೀ ಬಂದಳು. ಚೌಕಟ್ಟು ಕೂರಿಸಿ ಮುಗಿದಿತ್ತು. ಕೋಲೂರಿ ನಿಂತು ನೋಡಿ, ಮೇಸ್ತ್ರಿಯನ್ನು ಹಿಡಿದು ಝಾಡಿಸಿದಳು.

“ಐದನೇ ನಂಬರಿನ ಕಡೆ ಅಂದಿರ್ಲಿಲ್ವೇನೋ ನಾನು?”

ಸಿದ್ರಾಮಪ್ಪ ಸಬೀರಾಳ ಕಡೆ ನೋಡಲಿಲ್ಲ. “ತೆಪ್ಪಾಯ್ತು ತಾಯಿ. ಮರ್ತುಬುಟ್ಟೆ. ಮುಚ್ಚಿ ಕೊಡ್ತೀನಿ” ಎಂದ.

“ಇವಳ ಕಡೆ ಬೇಡ ಅಂತ್ಲೇ ನಾನು ಹೇಳಿದ್ದು. ಹದಿನೆಂಟು ವರ್ಷ ನಾನು ಕೆಮ್ಮಿದಾಗೆಲ್ಲ ಎದ್ದು ಕೂತಿದಾಳೆ ಇವಳು. ಕಣ್ಣು ನೋಡು, ಗುಳಿ ಬಿದ್ದಿದೆ. ಮಧ್ಯೆ ಒಂದು ಗೋಡೆ ಇದ್ರೆ ಇನ್ನಾದ್ರೂ ಮಲಗ್ತಾಳೆ ಅಂತ. ಚಿಕ್ಕೋಳು ನಾಲ್ಕು ದಿನ ಎದ್ರೆ ಏನೂ ಸವೆದು ಹೋಗಲ್ಲ.”

ಸಬೀರಾ ಇಟ್ಟಿಗೆ ರಾಶಿಯ ಮೇಲೆ ಕೂತಳು. ಹದಿನೆಂಟು ವರ್ಷ ಕಾದಿದ್ದ ಮಾತು ಬಂದಿತ್ತು, ಬರಬಾರದ ಹೊತ್ತಿನಲ್ಲಿ ಬಂದಿತ್ತು.

“ಅಮ್ಮೀ, ಮೇಸ್ತ್ರೀದು ತಪ್ಪಿಲ್ಲ. ನಾನೇ ಸುಳ್ಳು ಹೇಳಿ ಒಡೆಸಿದ್ದು.”

“ಯಾಕೆ?”

“ಹೊಟ್ಟೆ ಉರಿ.”

ಸಿದ್ರಾಮಪ್ಪ ಕರಣೆ ಹಿಡಿದು ಹೊರಗೆ ಹೋದ. ಮೆಹಬೂಬ್ ಬೀ ಕೋಲಿನ ತುದಿಯಿಂದ ಹೊಸ ಚೌಕಟ್ಟನ್ನು ತಟ್ಟಿ ನೋಡಿದಳು. “ಮುಚ್ಚಿಸ್ಲಾ?” ಎಂದು ಕೇಳಿದಳು.

“ಬೇಡ.”

“ಹಾಗಾದ್ರೆ ಏಳು ಇನ್ಮೇಲೂ. ನನಗೇನು.”

ಎದ್ದಳು. ಸಬೀರಾ ಮತ್ತೂ ಏಳು ವರ್ಷ ಎದ್ದಳು. ಬಾಗಿಲಿದ್ದ ಮೇಲೆ ಕೆಮ್ಮು ನೇರ ಕಿವಿಗೇ ಬರುತ್ತಿತ್ತು. ಜಹೀರಾ ಮಾತ್ರ ಗೋಡೆಯ ಆಚೆ ಏಳು ಗಂಟೆಯವರೆಗೆ ಹಾಯಾಗಿ ಮಲಗುತ್ತಿದ್ದಳು. ಈಗ ಸಬೀರಾಗೆ ಅವಳ ನಿದ್ದೆಯ ಮೇಲೂ ಹೊಟ್ಟೆಕಿಚ್ಚು. ಅಂಥ ಹೆಂಗಸಿಗೆ ಏನು ಮಾಡುವುದು ಹೇಳಿ.

ಎಂಬತ್ತಾರರ ಒಂದು ಬೆಳಗಿನ ಜಾವ, ಬದ್ನಾದಿಂದ ನೀರು ಬೀಳುತ್ತಿರುವಾಗಲೇ ಮೆಹಬೂಬ್ ಬೀಯ ಕೈ ಕೆಳಗೆ ಜಾರಿತು. ಸಬೀರಾ ಅವಳನ್ನು ಎದೆಗೆ ಒರಗಿಸಿಕೊಂಡಳು. ಉಸಿರು ಅಲ್ಲೇ ನಿಂತಿತು.

ನಲವತ್ತನೇ ದಿನದ ಫಾತಿಹಾ ಮುಗಿದು ನೆಂಟರು ಹೋದ ಮೇಲೆ ಜಹೀರಾ ನಾಲ್ಕನೇ ನಂಬರಿಗೆ ಬಂದು ತನ್ನ ಕಡೆಯ ಗೋಡೆಗೆ ಒರಗಿ ಕೂತಳು. ಅವಳು ಅಳುವುದನ್ನು ಸಬೀರಾ ನೋಡಿದ್ದು ಅದೇ ಮೊದಲು.

“ಅಮ್ಮಿ ಹೋದದ್ದು ನನಗೆ ಗೊತ್ತಾಗಿದ್ದು ಬೆಳಕು ಹರಿದ ಮೇಲೆ ಭಾಬಿ. ಈ ಗೋಡೆ ಆಚೆ ಮಲಗಿದ್ದೆ ನಾನು. ನಿಮಗೆ ಬಾಗಿಲಿತ್ತು. ಏಳು ವರ್ಷದಿಂದ ಅದನ್ನ ನೋಡಿ ನೋಡಿ ನನಗೆ ಹೊಟ್ಟೆ ಉರೀತಿತ್ತು.”

ಆ ಮಾತು ಕೇಳಿ ಸಬೀರಾಗೆ ಮೊದಲು ಖುಷಿಯಾಯಿತು, ಸುಳ್ಳು ಯಾಕೆ. ಇಷ್ಟು ವರ್ಷ ಅವಳು ಕೇಳಬೇಕೆಂದಿದ್ದುದು ಅದನ್ನೇ. ಆಮೇಲೆ ಅವಳು ಜಹೀರಾಳನ್ನು ನೋಡಿದಳು. ಕೆದರಿದ ಆ ತಲೆಗೆ ನಲವತ್ತು ದಿನದಿಂದ ಯಾರೂ ಎಣ್ಣೆ ಮುಟ್ಟಿಸಿರಲಿಲ್ಲ. ಸಬೀರಾ ಎದ್ದುಹೋಗಿ ಎಣ್ಣೆಯ ಬಟ್ಟಲು ತಂದು, “ಇಲ್ಲಿ ಬಾ, ಮುಂದೆ ಕೂತ್ಕೋ” ಎಂದಳು.